ಟಪ್ಪಿನ ಭಾರಕ್ಕೆ ದೀಪವಿಲ್ಲ

ಅಮಾವಾಸ್ಯೆ ಬಂತೆಂದರೆ ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು. ಭೀಮಾ ನದಿಯ ದಂಡೆಯ ಮೇಲಿರುವ ಭಾಗ್ಯವಂತಿ ದೇವಿಯ ದರ್ಶನಕ್ಕೆ ಕಲಬುರಗಿ, ಆಳಂದ, ಜೇವರ್ಗಿ, ವಿಜಯಪುರ ಕಡೆಯವರಲ್ಲದೆ ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆಯ ಭಕ್ತರೂ ಬರುತ್ತಾರೆ. ಬಸ್ಸುಗಳ ನಡುವೆ ಕ್ರೂಸರ್, ಜೀಪು, ಟಂಟಂ, ಬಾಡಿಗೆ ಕಾರು. ಒಳಗೆ ಎರಡು ಮೂರು ಮನೆಗಳ ಮಂದಿ. ಅವರ ಹಾಸಿಗೆ ಸುರುಳಿ, ಬುತ್ತಿಗಂಟು, ಅಡುಗೆಯ ದೊಡ್ಡ ಪಾತ್ರೆ, ಅಕ್ಕಿ ಚೀಲ, ಒಮ್ಮೊಮ್ಮೆ ಗ್ಯಾಸ್ ಸಿಲಿಂಡರ್ ಕೂಡ ಟಪ್ಪಿನ ಮೇಲೆ. ಇನ್ನೊಂದು ಗಂಟು ಬಂದರೆ ಕ್ಲೀನರ್ ಹುಡುಗನ ಉತ್ತರ ಸಿದ್ಧವಿರುತ್ತದೆ: “ಮ್ಯಾಲ ಜಾಗ ಭಾಳ ಅದ ರೀ, ಕೊಡ್ರಿ.”

ಜಾಗ ಇರುವುದೇನೋ ನಿಜ. ಆದರೆ ಕ್ಯಾರಿಯರಿನಲ್ಲಿ ಹಿಡಿಸುವಷ್ಟನ್ನೆಲ್ಲ ಗಾಡಿ ತಾಳಲಾರದು. ತಾಳಿಕೆ ಮುಗಿದದ್ದನ್ನು ಹೇಳುವ ವ್ಯವಸ್ಥೆಯೂ ಸಾಮಾನ್ಯ ವಾಹನಗಳಲ್ಲಿಲ್ಲ. ಎಂಜಿನ್ ಬಿಸಿಯಾದರೆ, ಆಯಿಲ್ ಒತ್ತಡ ಇಳಿದರೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ತಲೆಯ ಮೇಲೆ ಎರಡು ಕ್ವಿಂಟಲ್ ಏರಿದರೂ ಒಂದು ದೀಪವೂ ಮಿಣುಕುವುದಿಲ್ಲ. ಆ ಲೆಕ್ಕವನ್ನು ಚಾಲಕನೇ ಇಟ್ಟುಕೊಳ್ಳಬೇಕು.

ಲೆಕ್ಕ ಶುರುವಾಗುವುದು ಗುರುತ್ವ ಕೇಂದ್ರದಿಂದ. ವಾಹನದ ಇಡೀ ತೂಕ ಒಂದೇ ಬಿಂದುವಿನಲ್ಲಿ ಸೇರಿದೆ ಎಂದು ಭಾವಿಸಬಹುದಾದ ಜಾಗ ಅದು. ಅದು ನೆಲಕ್ಕೆ ಹತ್ತಿರವಿದ್ದಷ್ಟೂ ಗಾಡಿ ಮಗುಚುವುದು ಕಷ್ಟ. ಎಡಬಲ ಚಕ್ರಗಳ ನಡುವಿನ ಅಂತರವನ್ನು ಈ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಅಂಕಿಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ವಾಹನಗಳಿಗೆ ಮಗುಚುವ ಅಪಾಯದ ಶ್ರೇಣಿ ಕೊಡಲು ಬಳಸುತ್ತದೆ. ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು.

ಎರಡು ಟನ್ ತೂಕದ ಒಂದು ಎತ್ತರದ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಗುರುತ್ವ ಕೇಂದ್ರ ನೆಲದಿಂದ 75 ಸೆಂಟಿಮೀಟರ್ ಮೇಲೆ, ಚಕ್ರಗಳ ಅಂತರ ಒಂದೂವರೆ ಮೀಟರ್. ಅಂಕಿ ಸರಿಯಾಗಿ 1. ಈಗ ಟಪ್ಪಿನ ಮೇಲೆ, ನೆಲದಿಂದ 2.2 ಮೀಟರ್ ಎತ್ತರದಲ್ಲಿ, 200 ಕಿಲೋ ಹೇರಿ. ಗಾಡಿಯ ತೂಕ ಹೆಚ್ಚಿದ್ದು ನೂರಕ್ಕೆ ಹತ್ತು ಮಾತ್ರ. ಗುರುತ್ವ ಕೇಂದ್ರವೋ 88 ಸೆಂಟಿಮೀಟರಿಗೆ ಏರಿತು, ಅಂಕಿ 0.85ಕ್ಕೆ ಇಳಿಯಿತು. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಕಾಗದದ ಮೇಲಿನ ಲೆಕ್ಕದಂತೆ, ಖಾಲಿ ಟಪ್ಪಿನ ಗಾಡಿ ಮಗುಚುವ ವೇಗ ಗಂಟೆಗೆ 71 ಕಿ.ಮೀ.; ಭಾರ ಹೊತ್ತದ್ದು 66ಕ್ಕೇ ಮಗುಚುತ್ತದೆ. ಐದು ಕಿ.ಮೀ. ವ್ಯತ್ಯಾಸ ಏನು ಮಹಾ ಎನ್ನುವ ಮೊದಲು ಇನ್ನೊಂದು ಮಾತು: ಈ ಲೆಕ್ಕದಲ್ಲಿ ಸ್ಪ್ರಿಂಗ್ ಬಾಗುವುದಿಲ್ಲ, ಟೈರು ಒತ್ತಿಕೊಳ್ಳುವುದಿಲ್ಲ, ರಸ್ತೆಯಲ್ಲಿ ತಗ್ಗಿಲ್ಲ. ನಿಜವಾದ ಗಾಡಿ ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ, ವಾಲಿದಾಗ ಮೇಲಿನ ಭಾರ ಇನ್ನಷ್ಟು ಹೊರಗೆ ಸರಿಯುತ್ತದೆ. ಹಾಗಾಗಿ ನಿಜವಾದ ಮಿತಿ ಕಾಗದದ ಮಿತಿಗಿಂತ ಸಾಕಷ್ಟು ಕೆಳಗಿರುತ್ತದೆ. ತಲೆಯ ಮೇಲೆ ಕೊಡ ಹೊತ್ತ ಹೆಣ್ಣುಮಗಳು ತಿರುವಿನಲ್ಲಿ ಹೆಜ್ಜೆ ನಿಧಾನಿಸುವುದು ಈ ಸೂತ್ರ ಓದಿ ಅಲ್ಲ.

ಗುರುತ್ವ ಕೇಂದ್ರದ ಪಾಠವನ್ನು ದೊಡ್ಡ ಕಂಪನಿಗಳೂ ದುಬಾರಿ ಬೆಲೆಗೆ ಕಲಿತಿವೆ. 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ಮೋಟಾರು ಪತ್ರಿಕೆ, ರಸ್ತೆಗೆ ಕಡವೆಯಂಥ ದೊಡ್ಡ ಪ್ರಾಣಿ ಅಡ್ಡ ಬಂದಾಗ ಸ್ಟೀರಿಂಗ್ ತಟ್ಟನೆ ಎಳೆಯುವ ಪರೀಕ್ಷೆಗೆ ಮರ್ಸಿಡಿಸ್‌ನ ಹೊಸ ‘ಎ ಕ್ಲಾಸ್’ ಕಾರನ್ನು ಒಡ್ಡಿತು. ಕಾರು ಮಗುಚಿತು. ಕಂಪನಿ ಮಾರಾಟ ನಿಲ್ಲಿಸಿ, ಆ ಮಾದರಿಯ ಎಲ್ಲ ಕಾರುಗಳಿಗೂ ಇಎಸ್‌ಪಿ ಎಂಬ ಸ್ಥಿರತಾ ವ್ಯವಸ್ಥೆ ಅಳವಡಿಸಿತು. ಅಲ್ಲಿಯವರೆಗೆ ಐಷಾರಾಮಿ ಕಾರುಗಳಲ್ಲಷ್ಟೇ ಇದ್ದ ಈ ತಂತ್ರ ಸಣ್ಣ ಕಾರುಗಳಿಗೆ ಇಳಿಯಲು ಆ ಘಟನೆಯೂ ಒಂದು ಕಾರಣ. ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಹಿಂದೆ ಎರಡು ಅಂಕುಡೊಂಕು ಗೆರೆ ಇರುವ ಹಳದಿ ಚಿತ್ರ ಅದರದ್ದೇ. ಓಡುವಾಗ ಆ ದೀಪ ಮಿಣುಕಿದರೆ ಗಾಡಿ ಜಾರುತ್ತಿತ್ತು, ಯಂತ್ರ ಒಂದೊಂದೇ ಚಕ್ರದ ಬ್ರೇಕು ಹಿಡಿದು ದಾರಿಗೆ ತಂದಿತು ಎಂದರ್ಥ. ಟಪ್ಪಿನಲ್ಲಿ ಸಾಮಾನಿದ್ದಾಗ ತಿರುವಿನಲ್ಲಿ ಅದು ಒಮ್ಮೆ ಮಿಣುಕಿದರೂ ಉಳಿದ ದಾರಿಗೆ ವೇಗ ಇಳಿಸಲು ಅಷ್ಟೇ ಸಾಕು.

ಇನ್ನು ಕಟ್ಟುವ ಮಾತು. ನಮ್ಮಲ್ಲಿ ಸಾಮಾನು ಬಿಗಿಯುವಾಗ ಜನ ಯೋಚಿಸುವುದು ಅದು ಹಿಂದಕ್ಕೆ ಬೀಳಬಾರದು, ಪಕ್ಕಕ್ಕೆ ಜಾರಬಾರದು ಎಂದು. ಆದರೆ ಅತಿ ದೊಡ್ಡ ಬಲ ಬರುವುದು ಮುಂದಕ್ಕೆ, ಜೋರಾಗಿ ಬ್ರೇಕು ಹಾಕಿದಾಗ. ಯುರೋಪಿನಲ್ಲಿ ಸರಕು ಕಟ್ಟುವ ನಿಯಮ ಮುಂದಕ್ಕೆ ಸಾಮಾನಿನ ತೂಕದ ನೂರಕ್ಕೆ 80ರಷ್ಟು ಬಲವನ್ನು, ಪಕ್ಕಕ್ಕೂ ಹಿಂದಕ್ಕೂ 50ರಷ್ಟನ್ನು ತಡೆಯಬೇಕು ಎನ್ನುತ್ತದೆ. ಒಂದು ಕ್ವಿಂಟಲ್ ಸಾಮಾನು ಬ್ರೇಕಿನ ಹೊಡೆತಕ್ಕೆ 80 ಕಿಲೋ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಚೀಲಕ್ಕೂ ಕಬ್ಬಿಣದ ಪಟ್ಟಿಗೂ ನಡುವಿನ ಘರ್ಷಣೆ 0.3 ಎಂದಿಟ್ಟುಕೊಂಡರೆ ಅದು ಹಿಡಿಯುವುದು 30 ಕಿಲೋ ಮಾತ್ರ. ಉಳಿದ 50 ಕಿಲೋವನ್ನೂ ಘರ್ಷಣೆಯಿಂದಲೇ ಹಿಡಿಯಬೇಕಾದರೆ ಹಗ್ಗ ಸಾಮಾನನ್ನು ಸುಮಾರು 167 ಕಿಲೋ ಬಲದಲ್ಲಿ ಕೆಳಕ್ಕೆ ಅದುಮಬೇಕು, ಎಂದರೆ ಸಾಮಾನಿನ ತೂಕಕ್ಕಿಂತ ಹೆಚ್ಚು. ಕೈಯಿಂದ ಎಳೆದು ಗಂಟು ಹಾಕಿದ ಹಗ್ಗದಿಂದ ಅದು ಆಗದ ಕೆಲಸ.

ಹಗ್ಗದ ಕೋನವೂ ಇದರಲ್ಲಿ ಆಡುತ್ತದೆ. ನೆಟ್ಟಗೆ ಕೆಳಗಿಳಿಯುವ ಹಗ್ಗದ ಬಿಗಿತವೆಲ್ಲ ಅದುಮುವುದಕ್ಕೆ ಸಲ್ಲುತ್ತದೆ. 30 ಡಿಗ್ರಿಯಲ್ಲಿ ಮಲಗಿದ ಹಗ್ಗದ್ದು ಅರ್ಧ ಮಾತ್ರ. ಹಾಸಿಗೆ ಸುರುಳಿ, ತಗಡಿನಂಥ ತಗ್ಗಿನ ಸಾಮಾನಿನ ಮೇಲೆ ಎಷ್ಟು ಸುತ್ತು ಸುತ್ತಿದರೂ ಹಿಡಿತ ಸಾಲದಿರುವುದು ಇದಕ್ಕೇ. ಹಾಗಾಗಿ ಭಾರವಾದದ್ದನ್ನು ಕ್ಯಾರಿಯರಿನ ಮುಂದಿನ ಅಡ್ಡಪಟ್ಟಿಗೆ ಒತ್ತಿ ಕೂರಿಸಿ, ಹಿಂದಿನಿಂದ ಓರೆಯಾಗಿ ಎಳೆದು ಕಟ್ಟುವುದು ಜಾಣತನ. ಅಡಿಗೆ ಹಳೆಯ ರಬ್ಬರ್ ಮ್ಯಾಟು ಹಾಸಿದರೆ ಘರ್ಷಣೆ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದದ್ದು ನೋಡಲು ಗಟ್ಟಿ, ಎಳೆದರೆ ಟೊಳ್ಳು. ಕೊಕ್ಕೆಯಿರುವ ಎಲಾಸ್ಟಿಕ್ ಪಟ್ಟಿ ತಾಡಪತ್ರಿ ಹಾರದಂತೆ ಹಿಡಿಯಲು ಸರಿ, ಟ್ರಂಕು ಹಿಡಿಯಲು ಅಲ್ಲ. ಬಿಗಿಮಾಡಲು ಹಲ್ಲುಗಾಲಿಯಿರುವ ಬೆಲ್ಟು ಈಗ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ. ಹೊರಟು ಹತ್ತು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಕುಲುಕಾಟಕ್ಕೆ ಸಾಮಾನು ಕುಸಿದು ಹಗ್ಗ ಸಡಿಲಾಗಿರುತ್ತದೆ. ಸಿಲಿಂಡರನ್ನಂತೂ ಪ್ರಯಾಣಿಕರ ಗಾಡಿಯ ಟಪ್ಪಿಗೇ ಏರಿಸಬಾರದು. ಕಲಬುರಗಿಯ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಹೊಸತಲ್ಲ.

ಕಾರಿನವರಿಗೆ ಬೇರೆಯೇ ಒಂದು ಎಚ್ಚರಿಕೆ ಬೇಕು. ಹಳೆಯ ಜೀಪು, ಅಂಬಾಸಡರುಗಳ ಟಪ್ಪಿನ ಅಂಚಿನಲ್ಲಿ ಮಳೆನೀರು ಹರಿಯಲು ಉಕ್ಕಿನ ತೊಟ್ಟಿಯಂಚು ಇರುತ್ತಿತ್ತು. ಕ್ಯಾರಿಯರಿನ ಕಾಲು ಅದನ್ನೇ ಕಚ್ಚಿ ನಿಲ್ಲುತ್ತಿತ್ತು. ಈಗಿನ ಕಾರುಗಳಲ್ಲಿ ಅದಿಲ್ಲ. ಬದಲಿಗೆ ಬೆಳ್ಳಿ ಬಣ್ಣದ ಎರಡು ಕಂಬಿಗಳು ಕಾಣುತ್ತವೆ, ಅವುಗಳಲ್ಲಿ ಎಷ್ಟೋ ಬರೀ ಚೆಂದಕ್ಕೆ ಅಂಟಿಸಿದ ಪ್ಲಾಸ್ಟಿಕ್ಕು. ಭಾರ ಹೊರುವ ಕಂಬಿಯೋ ಅಲಂಕಾರದ ಕಂಬಿಯೋ ಎಂಬುದನ್ನು ಕಾರಿನ ಜತೆ ಬಂದ ಕೈಪಿಡಿ ಹೇಳುತ್ತದೆ. ಟಪ್ಪಿನ ಮಿತಿಯೂ ಅಲ್ಲೇ ಇರುತ್ತದೆ: ಸಾಮಾನ್ಯವಾಗಿ 50ರಿಂದ 100 ಕಿಲೋ, ಅದೂ ಕ್ಯಾರಿಯರಿನ ಸ್ವಂತ ತೂಕ ಸೇರಿ. ಕ್ಯಾರಿಯರೇ 20 ಕಿಲೋ ಇದ್ದರೆ 50 ಕಿಲೋ ಮಿತಿಯ ಕಾರಿನಲ್ಲಿ ಒಂದು ತೊಗರಿ ಚೀಲಕ್ಕೂ ಅವಕಾಶವಿಲ್ಲ.

ಟಪ್ಪಿನ ಭಾರಕ್ಕೆ ನೇರ ದೀಪವಿಲ್ಲದಿದ್ದರೂ ಉಳಿದ ದೀಪಗಳು ಸುತ್ತುಬಳಸಿ ಅದರ ಸುದ್ದಿ ಹೇಳಬಲ್ಲವು, ಓದಲು ಬಂದರೆ. ಕೀಲಿ ತಿರುಗಿಸಿದೊಡನೆ ಎಚ್ಚರಿಕೆಯ ದೀಪಗಳು ಹತ್ತಿ ಆರುವುದು ಅವುಗಳ ಸ್ವಪರೀಕ್ಷೆ. ಆಗ ಹತ್ತದ ದೀಪ ದಾರಿಯಲ್ಲಿಯೂ ಹತ್ತದು. ಕೆಂಪು ಎಂದರೆ ನಿಲ್ಲಿಸು, ಹಳದಿ ಎಂದರೆ ಬೇಗ ತೋರಿಸು, ಹಸಿರು ನೀಲಿ ಬರೀ ಮಾಹಿತಿ. ಈ ಬಣ್ಣ, ಚಿತ್ರಗಳು ಅಂತರರಾಷ್ಟ್ರೀಯ ಮಾನಕದವು; ಪುಣೆಯ ಗಾಡಿಗೂ ಜಪಾನಿನ ಗಾಡಿಗೂ ಹೆಚ್ಚುಕಡಿಮೆ ಒಂದೇ.

ಭಾರದ ಗಾಡಿಯಲ್ಲಿ ಮೊದಲು ಗಮನಿಸಬೇಕಾದದ್ದು ಬ್ರೇಕಿನ ಕೆಂಪು ದೀಪ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಬ್ರೇಕು ಒತ್ತಿದಾಗ ಅಥವಾ ತಿರುವಿನಲ್ಲಿ ಅದು ಕ್ಷಣ ಮಿಣುಕಿ ಆರಿದರೆ ಬಹಳ ಮಂದಿ ವೈರಿನ ದೋಷವೆಂದು ಬಿಡುತ್ತಾರೆ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿದ್ದಾಗ ತುಳುಕಿ ಒಂದು ಬದಿಗೆ ಸರಿದರೂ ಹಾಗೇ ಆಗುತ್ತದೆ. ಆಯಿಲ್ ಇಳಿಯಲು ಸೋರಿಕೆ ಒಂದು ಕಾರಣ, ಸವೆದ ಬ್ರೇಕ್ ಪ್ಯಾಡ್ ಇನ್ನೊಂದು. ಎಬಿಎಸ್ಸಿನ ಹಳದಿ ದೀಪ ಒಂದೇ ಹತ್ತಿದರೆ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ, ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಯಂತ್ರ ಮಾತ್ರ ಇಲ್ಲ. ಕೆಂಪು, ಹಳದಿ ಎರಡೂ ಒಟ್ಟಿಗೆ ಹತ್ತಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕು ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು. ಎತ್ತರದಲ್ಲಿ ಭಾರವಿದ್ದರೆ ಬ್ರೇಕು ಹಾಕಿದಾಗ ತೂಕ ಮುಂದಕ್ಕೆ ಹೆಚ್ಚು ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ, ಬೇಗ ಜಾರುತ್ತದೆ. ಹಾಗಾಗಿ ಎರಡೂ ದೀಪ ಹತ್ತಿದ ಸ್ಥಿತಿಯಲ್ಲಿ ಮುಂದೆ ಹೋಗಬಾರದು.

ಬ್ಯಾಟರಿಯ ಕೆಂಪು ಚಿತ್ರ ಬ್ಯಾಟರಿಗಿಂತ ಹೆಚ್ಚಾಗಿ ಚಾರ್ಜಿಂಗಿನ ದೂರು. ಅನೇಕ ಎಂಜಿನ್ನುಗಳಲ್ಲಿ ಒಂದೇ ಬೆಲ್ಟು ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟು ಹರಿದರೆ ಮೊದಲು ಬ್ಯಾಟರಿ ದೀಪ, ಸ್ವಲ್ಪ ಹೊತ್ತಿಗೆ ಬಿಸಿಯ ಮುಳ್ಳು. ಬೇಸಿಗೆಯ ಮಧ್ಯಾಹ್ನ ತುಂಬಿದ ಗಾಡಿಯಲ್ಲಿ ಎರಡರ ನಡುವೆ ಸಿಗುವ ಸಮಯ ತೀರ ಕಡಿಮೆ. ರೇಡಿಯೇಟರಿನ ಮುಚ್ಚಳಕ್ಕೆ ಎಂಜಿನ್ ತಣ್ಣಗಾಗುವವರೆಗೆ ಕೈ ಹಚ್ಚಬಾರದು ಎಂಬುದನ್ನು ಹೇಳಬೇಕಾಗಿಲ್ಲ, ಆದರೂ ಪ್ರತಿ ಬೇಸಿಗೆಯಲ್ಲಿ ಯಾರಾದರೂ ಸುಟ್ಟುಕೊಳ್ಳುತ್ತಾರೆ.

ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಗುರಿಯಾದದ್ದು ಸ್ಟೀರಿಂಗಿನ ಪಕ್ಕದ ಒಂದು ಸಣ್ಣ ಗಾಲಿ. ಹೆಡ್‌ಲೈಟಿನ ಚಿತ್ರ, 0ಯಿಂದ 3ರವರೆಗೆ ಅಂಕಿ. ಹಿಂದೆ ಭಾರ ಬಿದ್ದು ಗಾಡಿಯ ಮೂಗು ಮೇಲೆದ್ದಾಗ ಬೆಳಕೂ ಮೇಲೇಳುತ್ತದೆ. ಒಂದೇ ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು 87 ಸೆಂಟಿಮೀಟರ್ ಮೇಲಕ್ಕೆ ಹೋಗಿ ಎದುರಿನ ಬೈಕ್ ಸವಾರನ ಕಣ್ಣಿಗೆ ಬೀಳುತ್ತದೆ. ಇತ್ತ ರಸ್ತೆ ಕತ್ತಲಾಗುತ್ತದೆ. ಭಾರ ಹೆಚ್ಚಿದಂತೆ ಗಾಲಿಯನ್ನು ದೊಡ್ಡ ಅಂಕಿಗೆ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ. ಅಫಜಲಪುರದ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್‌ ಟ್ರೇಲರುಗಳ ಬೆನ್ನು ಹತ್ತಿ ರಾತ್ರಿ ಬರುವವರಿಗೆ ಈ ಗಾಲಿ ನಿಜಕ್ಕೂ ಬೇಕು. ಡಬಲ್ ಇಂಡಿಕೇಟರಿನ ಕೆಂಪು ತ್ರಿಕೋನ ಮಾತ್ರ ಕೆಟ್ಟು ನಿಂತಾಗ ಒತ್ತಲು ಇರುವುದು. ಸರ್ಕಲಿನಲ್ಲಿ ನೇರ ಹೋಗುವಾಗ ಅದನ್ನು ಹಾಕುವ ರೂಢಿ ಎಲ್ಲಿಂದ ಬಂತೋ. ಅದು ಉರಿಯುವಾಗ ಎಡಬಲದ ಸೂಚನೆ ಕೊಡಲು ಬರುವುದಿಲ್ಲ.

2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ವೇಗ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬೀಪ್ ಶಬ್ದ ಬರಲೇಬೇಕು. ಆ 80, ಟಪ್ಪು ಖಾಲಿಯೋ ಭರ್ತಿಯೋ ನೋಡಿ ನಿಗದಿಯಾದದ್ದಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ಗಂಟನ್ನು ಗಾಳಿ 60 ಕಿ.ಮೀ. ವೇಗದಲ್ಲಿ ಸುಮಾರು ಎಂಟೂವರೆ ಕಿಲೋ ಬಲದಿಂದ ಹಿಂದಕ್ಕೆ ತಳ್ಳಿದರೆ 80ರಲ್ಲಿ 15, 100ರಲ್ಲಿ 23 ಕಿಲೋ ದಾಟುತ್ತದೆ. ನದಿಯ ಸೇತುವೆಯಂಥ ಬಯಲಿನಲ್ಲಿ ಅಡ್ಡಗಾಳಿಯೂ ಸೇರಿಕೊಳ್ಳುತ್ತದೆ.

ಟಪ್ಪಿನ ಮೇಲೆ ಮನುಷ್ಯರು ಕೂರುವುದು ಭೌತಶಾಸ್ತ್ರಕ್ಕೆ ಹೋಗುವ ಮೊದಲೇ ಕಾನೂನಿನಲ್ಲಿ ಮುಗಿಯುವ ಮಾತು. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ಫುಟ್‌ಬೋರ್ಡ್, ಟಪ್ಪು, ಬಾನೆಟ್ ಮೂರರ ಮೇಲೂ ಪ್ರಯಾಣವನ್ನು ನಿಷೇಧಿಸಿದೆ. ಸಾಮಾನು ಪಕ್ಕಕ್ಕೆ, ಮುಂದೆ, ಹಿಂದೆ ಅಥವಾ ಎತ್ತರದಲ್ಲಿ ಮಿತಿ ಮೀರಿ ಚಾಚಿದ್ದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ದಂಡ ಕಟ್ಟಿದವರು ಕಡಿಮೆ ಎಂಬುದು ಟಪ್ಪುಗಳನ್ನು ನೋಡಿದರೇ ಗೊತ್ತಾಗುತ್ತದೆ.

ಸಾಮಾನು ಇಳಿಸಿದ ಮೇಲೂ ಕ್ಯಾರಿಯರ್ ಸುಮ್ಮನಿರುವುದಿಲ್ಲ. ಟಪ್ಪಿನ ಮೇಲಿನ ದೊಡ್ಡ ಪೆಟ್ಟಿಗೆ ಹೆದ್ದಾರಿಯಲ್ಲಿ ಇಂಧನದ ಇಳುವರಿಯನ್ನು ನೂರಕ್ಕೆ 6ರಿಂದ 17ರಷ್ಟು ಕುಗ್ಗಿಸುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಖಾಲಿ ಕ್ಯಾರಿಯರ್ ತಿನ್ನುವುದು ಅಷ್ಟಲ್ಲದಿದ್ದರೂ ದಿನವೂ ತಿನ್ನುತ್ತದೆ. 2016ರಲ್ಲಿ ಪ್ರಕಟವಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಧ್ಯಯನವೊಂದು ಅಮೆರಿಕದಲ್ಲಿ ಟಪ್ಪಿನ ಕ್ಯಾರಿಯರುಗಳಿಂದ ವರ್ಷಕ್ಕೆ ಸುಮಾರು 10 ಕೋಟಿ ಗ್ಯಾಲನ್, ಅಂದರೆ 38 ಕೋಟಿ ಲೀಟರಿನಷ್ಟು ಪೆಟ್ರೋಲು ಹೆಚ್ಚುವರಿಯಾಗಿ ಸುಡುತ್ತದೆ ಎಂದು ಅಂದಾಜಿಸಿತು; ಅದರಲ್ಲಿ ಖಾಲಿ ಓಡಾಡುವವುಗಳ ಪಾಲೂ ಇದೆ. ಕ್ರೂಸರಿನ ಕ್ಯಾರಿಯರನ್ನು ತಿಂಗಳಿಗೊಮ್ಮೆ ಬಿಚ್ಚಲಾಗದು. ಕಾರಿನದ್ದು ನಾಲ್ಕು ಕ್ಲ್ಯಾಂಪಿನ ಕೆಲಸ. ಬಿಚ್ಚಿದಾಗ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ, ಕಾಲಿನ ಕೆಳಗಿನ ರಬ್ಬರು ಬಿರಿದಿದೆಯೇ ಎಂದು ನೋಡಿ ಬದಲಿಸಿಟ್ಟರೆ ಮುಂದಿನ ಪ್ರಯಾಣಕ್ಕೆ ಅರ್ಧ ಸಿದ್ಧತೆ ಆದಂತೆ.