ಕಾರಿನ ಪರದೆಯೋ, ಕೈಯಲ್ಲಿರುವ ಫೋನೋ?

ಕಳೆದ ರಜೆಯಲ್ಲಿ ನಮ್ಮ ಮನೆಯಲ್ಲಿ ಕಾರು ಕೊಳ್ಳುವ ಮಾತು ನಡೆಯಿತು. ತಂದೆ ಬಾಡಿಗೆ ಕಾರು ಓಡಿಸುವವರು. ದಾರಿ ತೋರಿಸುವ ವ್ಯವಸ್ಥೆ ಕಾರಿನಲ್ಲೇ ಇರುವ ಮಾದರಿ ಬೇಕೆಂಬುದು ಅವರ ಆಸೆ. ಅದಿಲ್ಲದ ಮಾದರಿ ಕೊಂಡರೆ ಉಳಿಯುವ ಹಣ ತಂಗಿಯ ಕಾಲೇಜು ಶುಲ್ಕಕ್ಕೆ ಸಾಕಾಗುತ್ತಿತ್ತು. ವಿಜ್ಞಾನ ಓದುವ ನನ್ನನ್ನೇ ಕೇಳಿದರು: "ಫೋನ್ ಸಾಕಾ, ಮಗಾ?"

ಅವರ ಅನುಮಾನಕ್ಕೆ ಕಾರಣವಿತ್ತು. ಒಮ್ಮೆ ರಾತ್ರಿ ಕೊಟ್ಟಿಗೆಹಾರದ ಕಡೆಯ ಮದುವೆ ಮನೆಗೆ ಹೋಗುವಾಗ ಕಾಫಿ ತೋಟಗಳ ನಡುವೆ ನೆಟ್‌ವರ್ಕ್ ಹೋಯಿತು. ಫೋನಿನಲ್ಲಿ ನೀಲಿ ಚುಕ್ಕಿ ಚಲಿಸುತ್ತಿತ್ತು, ಸುತ್ತಲಿನ ನಕ್ಷೆ ಮಾತ್ರ ಖಾಲಿ. ಕೊನೆಗೆ ತೋಟದ ಕೆಲಸಗಾರರೊಬ್ಬರು ದಾರಿ ತೋರಿಸಿದರು.

ಆ ಚುಕ್ಕಿಯಲ್ಲೇ ಉತ್ತರವಿದೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕರೆ ನಾವಿರುವ ಜಾಗ ತಿಳಿಯುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಡ. ನಕ್ಷೆ ಇಂಟರ್‌ನೆಟ್‌ನಿಂದ ಬರುತ್ತದೆ. ಮನೆಯಲ್ಲೇ ಆ ಪ್ರದೇಶದ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡರೆ ಫೋನ್ ತೋಟದ ನಡುವೆಯೂ ದಾರಿ ತೋರಿಸುತ್ತದೆ. ವಾಹನ ದಟ್ಟಣೆಯ ಮಾಹಿತಿ ಮಾತ್ರ ಸಿಗುವುದಿಲ್ಲ.

ಕಾರಿನೊಳಗಿನ ವ್ಯವಸ್ಥೆಗೂ ಅದರದೇ ಲಾಭವಿದೆ. ನಕ್ಷೆ ಅದರಲ್ಲೇ ಇರುತ್ತದೆ. ಸುರಂಗದಲ್ಲಿ ಉಪಗ್ರಹದ ಸಂಕೇತ ತಪ್ಪಿದರೂ ಹಲವು ಕಾರುಗಳು ಚಕ್ರದ ವೇಗ ಮತ್ತು ತಿರುವನ್ನು ಅಳೆದು ಜಾಗವನ್ನು ಅಂದಾಜಿಸುತ್ತವೆ. ಆದರೆ ನಕ್ಷೆಯನ್ನು ನವೀಕರಿಸದಿದ್ದರೆ ಹೊಸ ರಸ್ತೆಗಳು ಅದಕ್ಕೆ ಗೊತ್ತಾಗುವುದಿಲ್ಲ. ಕಾರು ಮಾರಿದರೆ ಅದೂ ಹೋಗುತ್ತದೆ. ಫೋನನ್ನು ಯಾವ ಕಾರಿನಲ್ಲೂ ಬಳಸಬಹುದು. ಬಿಸಿಲಿಗೆ ಕಾಯುವುದು, ಚಾರ್ಜ್ ಬೇಗ ಇಳಿಯುವುದು ಅದರ ಕಷ್ಟ.

ಗೆಳೆಯರೇ, ಇನ್ನೊಂದು ಮಾತು. ದೊಡ್ಡ ಪರದೆ ಇದ್ದ ಮಾತ್ರಕ್ಕೆ ಕಾರಿನಲ್ಲಿ ನಕ್ಷೆ ಇದೆ ಎಂದಲ್ಲ. ಎಷ್ಟೋ ಪರದೆಗಳು ಆಂಡ್ರಾಯ್ಡ್ ಆಟೊ ಮೂಲಕ ಫೋನಿನ ನಕ್ಷೆಯನ್ನೇ ತೋರಿಸುತ್ತವೆ. "ಫೋನ್ ಜೋಡಿಸದೆ ದಾರಿ ತೋರಿಸುತ್ತದೆಯೇ?" ಎಂದು ಷೋರೂಮಿನಲ್ಲೇ ಕೇಳಿ. ನಾವು ಕೇಳಿದೆವು, ತಂದೆ ಮೆಚ್ಚಿದ್ದ ಒಂದು ಮಾದರಿಗೆ "ಇಲ್ಲ" ಎಂಬ ಉತ್ತರ ಬಂತು.

ಕೊನೆಗೆ ಕಡಿಮೆ ಬೆಲೆಯ ಕಾರು, ಒಂದು ಗಟ್ಟಿ ಸ್ಟ್ಯಾಂಡ್ ಮತ್ತು ಚಾರ್ಜರ್ ಕೊಂಡೆವು. 2020ರಲ್ಲಿ ತಿದ್ದಿದ ಮೋಟಾರು ವಾಹನ ನಿಯಮ, ಚಾಲಕರ ಗಮನ ಕೆಡದಂತೆ ದಾರಿ ನೋಡಲು ಫೋನ್ ಬಳಸುವುದನ್ನು ಒಪ್ಪುತ್ತದೆ. ಹಾಗಾಗಿ ಹೊರಡುವ ಮೊದಲೇ ಊರಿನ ಹೆಸರು ಹಾಕಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಧ್ವನಿ ಕೇಳುತ್ತಾ ಓಡಿಸುತ್ತಾರೆ.

ಕಳೆದ ತಿಂಗಳು ಅದೇ ತೋಟದ ದಾರಿಯಲ್ಲಿ ಹೋದೆವು. ನೆಟ್‌ವರ್ಕ್ ಇರಲಿಲ್ಲ, ನಕ್ಷೆ ಇತ್ತು. ತಂಗಿಯ ಶುಲ್ಕವನ್ನೂ ಕಟ್ಟಿಯಾಗಿದೆ.