ಬೀದಿಯ ಬಾಣಲೆಯ ಶಾವಿಗೆ

ರುಚಿಯಾದ ಆಹಾರವು ದೊಡ್ಡ ಹೋಟಲುಗಳಲ್ಲಿಯೇ ದೊರೆಯಬೇಕೆಂಬ ನಿಯಮವೇನೂ ಇಲ್ಲ. ಪರಸ್ಥಳಕ್ಕೆ ಹೋದವರು ಗಾಜಿನ ಬಾಗಿಲುಗಳನ್ನೂ ಬಿಳಿಯ ಮೇಜುವಸ್ತ್ರಗಳನ್ನೂ ಹುಡುಕಿಕೊಂಡು ಹೋಗಿ, ಆರಿದ ಪದಾರ್ಥಕ್ಕೆ ಅಧಿಕ ಬೆಲೆಯನ್ನು ತೆತ್ತು ಬರುವುದುಂಟು. ಆ ಊರಿನ ಜನರಾದರೋ ತಮ್ಮ ನಾಲಗೆಗೆ ಒಪ್ಪುವ ತಿಂಡಿಯನ್ನು ಮತ್ತೆಲ್ಲಿಯೋ ತಿನ್ನುತ್ತಿರುತ್ತಾರೆ. ಈ ಮಾತಿಗೆ ಸಿಂಗಪುರದ ಬಡವ್ಯಾಪಾರಿಗಳು ಹುರಿದುಕೊಡುವ ಶಾವಿಗೆಗಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಶಾವಿಗೆಯೆಂದೊಡನೆ ನಮ್ಮ ಮನೆಗಳ ಒತ್ತುಶಾವಿಗೆಯು ನೆನಪಿಗೆ ಬರುವುದು ಸಹಜ. ಇದೂ ಅಕ್ಕಿಯದೇ, ಆದರೆ ಒರಳಿನಲ್ಲಿ ಒತ್ತಿದುದಲ್ಲ. ಅಕ್ಕಿಹಿಟ್ಟಿನ ಸಂಪಣವನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಆ ಹಾಳೆಯನ್ನು ಅಗಲವಾದ ಪಟ್ಟಿಗಳಾಗಿ ಕೊಯ್ಯುತ್ತಾರೆ. ಚೀನದೇಶದ ಆಗ್ನೇಯತೀರದಿಂದ ಬಂದು ನೆಲಸಿದ ಹೊಕ್ಕಿಯನ್ ಮತ್ತು ತಿಯೋಚ್ಯೂ ಜನರ ನುಡಿಯಲ್ಲಿ ಇದಕ್ಕೆ ‘ಕ್ವೇ ತಿಯೋ’ ಎಂದು ಹೆಸರು. ‘ಚಾರ್’ ಎಂದರೆ ಹುರಿಯುವುದು. ‘ಚಾರ್ ಕ್ವೇ ತಿಯೋ’ ಎಂಬ ತಿಂಡಿಯ ಹೆಸರಿನ ಅರ್ಥವಿಷ್ಟೆ. ಹಳೆಯ ಕ್ರಮದಲ್ಲಿ ಹಂದಿಯ ಕೊಬ್ಬು, ಮೊಟ್ಟೆ, ಕಡಲ ಚಿಪ್ಪಿನ ಮಾಂಸ, ಹೆಸರುಕಾಳಿನ ಮೊಳಕೆ, ಬೆಳ್ಳುಳ್ಳಿ, ಸಿಹಿಯಾದ ಕಪ್ಪು ಸೋಯಾ ರಸ ಇವೆಲ್ಲ ಇದಕ್ಕೆ ಬೀಳುತ್ತವೆ. ಅಲ್ಪ ಬೆಲೆಗೆ ಹೊಟ್ಟೆ ತುಂಬಿ ಮೈಗೆ ಬಲ ಬರಬೇಕಾಗಿದ್ದ ಕೂಲಿಕಾರರ ಆಹಾರವಿದು.

ಮಾಂಸವನ್ನು ಮುಟ್ಟದ ನಮ್ಮ ವಾಚಕರು ನಿರಾಶರಾಗಬೇಕಿಲ್ಲ. ಅಲ್ಲಿಯ ಚೀನೀ ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ ೧ನೆಯ ಮತ್ತು ೧೫ನೆಯ ದಿನಗಳಲ್ಲಿ ಶಾಕಾಹಾರವನ್ನೇ ಸೇವಿಸುತ್ತಾರೆ. ಅಂಥವರಿಗಾಗಿ ಇರುವ ಅಂಗಡಿಗಳಲ್ಲಿ ಸಣ್ಣ ಅಕ್ಕಿಶಾವಿಗೆಯನ್ನು ತರಕಾರಿಯೊಡನೆ ಹುರಿದು ಕೊಡುವರು. ಅವರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ವರ್ಜಿಸುವ ಪದ್ಧತಿಯೂ ಉಂಟೆಂದು ಕೇಳಿ ನಮ್ಮ ಮಡಿವಂತರ ಮನೆಗಳವರು ಸಂತೋಷಪಟ್ಟಾರು.

ಈ ವ್ಯಾಪಾರಿಗಳು ಹಿಂದೆ ತಳ್ಳುಗಾಡಿಗಳನ್ನಿಟ್ಟುಕೊಂಡು ಬೀದಿಯ ಬದಿಯಲ್ಲಿಯೇ ಅಡಿಗೆ ಮಾಡುತ್ತಿದ್ದರು. ನಲ್ಲಿಯ ನೀರಿಲ್ಲ, ಕೊಳೆ ಹೋಗಲು ಮೋರಿಯಿಲ್ಲ. ರೋಗದ ಭಯವು ತಪ್ಪದು. ಸರ್ಕಾರದವರು ೧೯೬೮–೬೯ರಲ್ಲಿ ಸುಮಾರು ೧೮,೦೦೦ ಮಂದಿಯ ಹೆಸರುಗಳನ್ನು ದಾಖಲೆ ಮಾಡಿಕೊಂಡು, ೧೯೭೧ರಿಂದ ಮೊದಲುಮಾಡಿ ೧೯೮೬ರೊಳಗಾಗಿ, ನೀರು, ವಿದ್ಯುಚ್ಛಕ್ತಿ, ಮೋರಿಗಳ ಅನುಕೂಲವುಳ್ಳ ಕಟ್ಟಡಗಳಿಗೆ ಅವರನ್ನು ಸೇರಿಸಿದರು. ಒಂದೇ ಸೂರಿನಡಿ ಚೀನೀ, ಮಲಯ, ಭಾರತೀಯ ಅಡಿಗೆಗಳ ಸಣ್ಣ ಸಣ್ಣ ಅಂಗಡಿಗಳು. ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಅಧಿಕಾರಿಯೂ ಗಾಡಿ ಹೊಡೆಯುವವನೂ ಅಲ್ಲಿ ಎದುರುಬದುರಾಗಿ ಕುಳಿತು ತಿನ್ನುತ್ತಾರೆ. ಈ ಸಂಸ್ಕೃತಿಯನ್ನು ಯುನೆಸ್ಕೋ ಸಂಸ್ಥೆಯು ೨೦೨೦ರ ಡಿಸೆಂಬರಿನಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಮೊದಲೇ, ೨೦೧೬ರಲ್ಲಿ, ಭೋಜನಶಾಲೆಗಳಿಗೆ ನಕ್ಷತ್ರಗಳನ್ನು ಕೊಡುವ ಮಿಶೆಲಿನ್ ಎಂಬ ಪ್ರಸಿದ್ಧ ಕೈಪಿಡಿಯು ಇಂತಹ ಎರಡು ಬಡ ಅಂಗಡಿಗಳಿಗೆ ಒಂದೊಂದು ನಕ್ಷತ್ರವನ್ನಿತ್ತಿತು.

ಇಂತಹ ಒಂದು ಕಟ್ಟಡದ ಮೂಲೆಯಲ್ಲಿ ನಾವು ಕಂಡ ಅಂಗಡಿಯು ಎರಡು ಮಾರು ಅಗಲವೂ ಇರಲಿಲ್ಲ. ಬಾಣಲೆಯ ಮುಂದೆ ಮುದುಕನೊಬ್ಬ. ಹಣ ತೆಗೆದುಕೊಳ್ಳಲು ಆತನ ಹೆಂಡತಿ. ಅಕ್ಕಪಕ್ಕದ ಅಂಗಡಿಗಳು ಬರಿದಾಗಿದ್ದರೂ ಇಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಕಾರಣವು ಬೇಗನೆ ತಿಳಿಯಿತು. ಆತನು ಹತ್ತು ಜನರದನ್ನು ಒಟ್ಟಿಗೆ ಹುರಿದು ಹಂಚುತ್ತಿರಲಿಲ್ಲ. ಒಂದು ತಟ್ಟೆ ಮುಗಿದ ಮೇಲೆಯೇ ಮತ್ತೊಂದು. ನಮ್ಮ ಸರದಿ ಬರಲು ಅರ್ಧ ಘಂಟೆಯಾಯಿತು. ಆತನ ಕೈಕೆಲಸವು ಮುಗಿಯಲು ಎರಡು ಮೂರು ನಿಮಿಷವೂ ಆಗಲಿಲ್ಲ. ಪಟ್ಟಿಗಳು ಒಂದಕ್ಕೊಂದು ಅಂಟದೆ, ಅಂಚಿನಲ್ಲಿ ಮಾತ್ರ ಕಂದಿ, ಹೊಗೆಯ ನಸುವಾಸನೆಯನ್ನು ಹೊತ್ತು ತಟ್ಟೆಗಿಳಿದುವು. ಮೊಳಕೆಯು ಹಲ್ಲಿಗೆ ಗರಿಗರಿಯಾಗಿತ್ತು.

ಈ ಹೊಗೆಯ ಪರಿಮಳವನ್ನು ಚೀನೀಯರು ‘ವೊಕ್ ಹೇ’, ಎಂದರೆ ಬಾಣಲೆಯ ಉಸಿರು, ಎಂದು ಕರೆಯುವರು. ಇದರಲ್ಲಿ ಮಂತ್ರವೇನೂ ಇಲ್ಲ. ಕಾದ ಕಬ್ಬಿಣಕ್ಕೆ ತಗುಲಿದೊಡನೆ ಶಾವಿಗೆಯ ಮೇಲಣ ತೇವವು ಆವಿಯಾಗಿ ಹೋಗುತ್ತದೆ. ಸೋಯಾ ರಸದ ಸಕ್ಕರೆಯು ಕಂದುಬಣ್ಣಕ್ಕೆ ತಿರುಗುತ್ತದೆ. ಮೇಲಕ್ಕೆ ಹಾರಿಸಿದಾಗ ಎಣ್ಣೆಯ ಕಣಗಳು ಉರಿಗೆ ಸಿಕ್ಕಿ ಮಿಂಚುತ್ತವೆ. ನುರಿತ ಕೈಯು ಬಾಣಲೆಯನ್ನು ಸೆಕೆಂಡಿಗೆ ಸುಮಾರು ೩ ಸಲ ಎಗರಿಸುತ್ತದೆ. ಆದುದರಿಂದಲೇ ಅಷ್ಟು ಉರಿಯಲ್ಲಿಯೂ ಪದಾರ್ಥವು ಸೀಯುವುದಿಲ್ಲ. ಬಾಣಲೆಯನ್ನು ತುಂಬಿಬಿಟ್ಟರೆ ಕಾವು ಇಳಿದು, ನೀರೊಡೆದು, ಶಾವಿಗೆಯು ಹುರಿಯುವ ಬದಲು ಬೇಯುತ್ತದೆ.

ಆ ಕಸುಬಿನ ಹಿರಿಮೆಯೂ ಸಂಕಟವೂ ಇಲ್ಲಿಯೇ ಇವೆ. ತಟ್ಟೆಗಳ ಸಂಖ್ಯೆ ತೋಳಿನ ಶಕ್ತಿಯನ್ನು ಮೀರಲಾರದು; ಬಡವರ ತಿಂಡಿಯೆಂಬ ಹೆಸರಿರುವುದರಿಂದ ಬೆಲೆಯನ್ನು ಏರಿಸಿದರೆ ಜನ ಗೊಣಗುವರು. ಬೆಳಗಿನಿಂದ ಉರಿಯ ಮುಂದೆ ನಿಲ್ಲುವ ಈ ಕೆಲಸಕ್ಕೆ ಎಳೆಯರು ಬರುವುದು ಅಪರೂಪವಾಗಿದೆ. ಮುಂದೆ ಈ ಬಾಣಲೆಯನ್ನು ಹಿಡಿಯುವವರಾರೆಂದು ನಾವು ಆ ತಾಯಿಯನ್ನು ಕೇಳಿದೆವು. ಮಗನು ಕಚೇರಿಯಲ್ಲಿದ್ದಾನೆಂದೂ, ಅವನು ಇಲ್ಲಿಗೆ ಬರುವುದು ತಮಗೂ ಇಷ್ಟವಿಲ್ಲವೆಂದೂ ಆಕೆ ನಗುತ್ತಲೇ ಹೇಳಿದರು. ಮಗನನ್ನು ಓದಿಸಿದ ಹಣವು ಆ ಬಾಣಲೆಯಿಂದಲೇ ಬಂದುದಲ್ಲವೆ? ಆಕೆಯನ್ನು ತಪ್ಪೆನ್ನುವವರು ಯಾರು? ಹೊಸಬರಿಗೆ ಕಡಿಮೆ ಬಾಡಿಗೆಗೆ ಅಂಗಡಿಗಳನ್ನು ಕೊಡುವ ಏರ್ಪಾಡನ್ನು ಸರ್ಕಾರವು ೨೦೧೮ರಲ್ಲಿ ಆರಂಭಿಸಿತು. ಅಂಗಡಿಯನ್ನು ಕೊಡಬಹುದು, ಕೈಯ ಹದವನ್ನು ಕೊಡಲು ಮಾತ್ರ ಮುದುಕರು ಇರುವಾಗಲೇ ಕಲಿಯುವವರು ಬೇಕು.

ಗೃಹಿಣಿಯರು ಮನೆಯಲ್ಲಿ ಪ್ರಯತ್ನಿಸುವುದಾದರೆ ನಾಲ್ಕು ಮಾತುಗಳನ್ನು ನೆನಪಿಡಬೇಕು. ಬೆಂದ ಶಾವಿಗೆಯನ್ನು ಬಟ್ಟೆಯ ಮೇಲೆ ಹರಡಿ ನೀರಾರಿಸಬೇಕು. ಹೆಚ್ಚುವುದನ್ನೆಲ್ಲ ಮೊದಲೇ ಹೆಚ್ಚಿ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಕಬ್ಬಿಣದ ಬಾಣಲೆಯು ಚೆನ್ನಾಗಿ ಕಾದ ಮೇಲೆಯೇ ಎಣ್ಣೆ ಬಿಡಬೇಕು. ಒಮ್ಮೆಗೆ ಇಬ್ಬರಿಗಾಗುವುದಕ್ಕಿಂತ ಹೆಚ್ಚು ಹಾಕಬಾರದು. ಮನೆಯವರು ಸ್ವಲ್ಪ ಕಾಯಲಿ.

ಕಾಯುವ ಈ ತಾಳ್ಮೆಯು ಅಂಗಡಿಯ ಮುಂದೆಯೂ ಬೇಕು. ಪರಸ್ಥಳದಲ್ಲಿ ಒಳ್ಳೆಯ ತಿಂಡಿಯನ್ನು ಅರಸುವವರು ಬಣ್ಣದ ಹಲಗೆಯನ್ನು ನೋಡದೆ, ಊರವರು ನಿಂತ ಸಾಲನ್ನೂ, ಒಂದೆರಡೇ ಪದಾರ್ಥಗಳಿರುವ ಪಟ್ಟಿಯನ್ನೂ, ಒಂದೊಂದೇ ತಟ್ಟೆಯನ್ನು ಮಾಡುವ ಕೈಯನ್ನೂ ನೋಡಲಿ. ಅಂತಹ ಕಡೆ ನಾಲ್ಕು ಕಾಸಿಗಾಗಿ ಚೌಕಾಸಿ ಮಾಡದಿರುವುದು ಉಂಡವರ ಧರ್ಮ.