ಅಭಿಮಾನಿಯ ಕುಂಚ, ಇನ್ನೂರು ಪೌಂಡಿನ ಲೆಕ್ಕ

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬರುವ ಅಪ್ಪ-ಅಮ್ಮಂದಿರಿಗೆ ನಾವು ತೋರಿಸುವ ಜಾಗಗಳ ಪಟ್ಟಿ ಹೆಚ್ಚೂಕಡಿಮೆ ಒಂದೇ. ಲಂಡನ್ ಐ, ಟವರ್ ಬ್ರಿಡ್ಜ್, ರಾಣಿಯ ಕಾಲದ ಅರಮನೆ, ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ. ಆ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ ಎಂದು ಹೇಳುವುದಕ್ಕೇ ಈ ಬರಹ. ಅದು ಪೀಟರ್ ಬ್ಲೇಕ್ ಎಂಬ ಕಲಾವಿದ ಬರೆದ ರಾಕ್ ಅಂಡ್ ರೋಲ್ ಕಾಲದ ಚಿತ್ರಗಳು. ಇಂಗ್ಲಿಷ್ ಹಾಡು ನಮಗೇನು ಗೊತ್ತು ಎನ್ನಬೇಡಿ. ನಮ್ಮ ಬೆಂಗಳೂರಿನ ಆಟೊ ಹಿಂದೆ ಶಂಕರ್‌ನಾಗ್ ಚಿತ್ರ ನೋಡಿದವರಿಗೆಲ್ಲ ಈ ಚಿತ್ರಗಳು ಅರ್ಥವಾಗುತ್ತವೆ.

ಬ್ಲೇಕ್ ಹುಟ್ಟಿದ್ದು 1932ರಲ್ಲಿ, ಕೆಂಟ್ ಜಿಲ್ಲೆಯ ಡಾರ್ಟ್‌ಫರ್ಡ್‌ನಲ್ಲಿ. ವಾಯುಪಡೆಯಲ್ಲಿ ಎರಡು ವರ್ಷ ಕಡ್ಡಾಯ ಸೇವೆ ಮುಗಿಸಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1956ರವರೆಗೆ ಕಲಿತರು. ಎಲ್ವಿಸ್ ಪ್ರೀಸ್ಲಿಯ ಹಾಡು ಬ್ರಿಟನ್ನಿನ ಹುಡುಗರನ್ನು ಹುಚ್ಚೆಬ್ಬಿಸಿದ್ದೂ ಅದೇ ವರ್ಷ. ಆದರೆ ಎಲ್ವಿಸ್ ಇಲ್ಲಿ ಒಂದು ಕಾರ್ಯಕ್ರಮವನ್ನೂ ಕೊಡಲಿಲ್ಲ. 1960ರಲ್ಲಿ ಸೈನ್ಯದಿಂದ ಊರಿಗೆ ಮರಳುವಾಗ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ವಿಮಾನ ಸ್ವಲ್ಪ ಹೊತ್ತು ನಿಂತಿತ್ತು, ಅಷ್ಟೆ. ಇಲ್ಲಿನ ಅಭಿಮಾನಿಗಳಿಗೆ ಅವನು ದಕ್ಕಿದ್ದು ರೆಕಾರ್ಡಿನಲ್ಲಿ, ಸಿನಿಮಾದಲ್ಲಿ, ಪತ್ರಿಕೆಯ ಪುಟದಲ್ಲಿ. ಕಣ್ಣಾರೆ ಕಾಣದ ನಾಯಕನನ್ನು ಕ್ಯಾಲೆಂಡರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಿದ ನಮ್ಮ ಊರಿನ ಹುಡುಗರ ಹಾಗೆಯೇ.

ಬ್ಲೇಕ್ 1961ರಲ್ಲಿ ತಮ್ಮದೇ ಆಳೆತ್ತರದ ಚಿತ್ರ ಬರೆದುಕೊಂಡರು. ಮೈಮೇಲೆ ಜೀನ್ಸ್ ಬಟ್ಟೆ, ಎದೆ ತುಂಬ ಬ್ಯಾಡ್ಜುಗಳು, ಕೈಯಲ್ಲಿ ಎಲ್ವಿಸ್ ಕುರಿತ ಪತ್ರಿಕೆ. ಹಳೆಯ ಕಾಲದ ಜಮೀನ್ದಾರರು ತೋಟದಲ್ಲಿ ನಿಂತು ಬರೆಸಿಕೊಳ್ಳುತ್ತಿದ್ದರಲ್ಲ, ಅದೇ ಗತ್ತು. ಮುಖದಲ್ಲಿ ಮಾತ್ರ ನಗುವಿಲ್ಲ. ಲಿವರ್‌ಪೂಲಿನ ಜಾನ್ ಮೂರ್ಸ್ ಸ್ಪರ್ಧೆಯಲ್ಲಿ ಅದಕ್ಕೆ ಕಿರಿಯರ ವಿಭಾಗದ ಬಹುಮಾನ ಬಂತು. ಅದೇ ಕಾಲದ ಇನ್ನೊಂದು ಚಿತ್ರದಲ್ಲಿ ಎಲ್ವಿಸ್, ರಿಕಿ ನೆಲ್ಸನ್ ಮುಂತಾದ ಗಾಯಕರ ಫೋಟೊಗಳ ಜೊತೆಗೆ ಒಂದು ನಿಜವಾದ ಗ್ರಾಮಫೋನ್ ತಟ್ಟೆಯನ್ನೇ ಅಂಟಿಸಿದರು. ತನ್ನ ಹುಡುಗಿ ಸದಾ ಈ ಗಾಯಕರನ್ನೇ ನೆನೆಯುತ್ತಾಳೆ ಎಂದು ಹುಡುಗನೊಬ್ಬ ಗೋಳಾಡುವ ಹಾಡು ಆ ತಟ್ಟೆಯಲ್ಲಿದೆ.

ನಮಗೆ ಹೆಚ್ಚು ಹಿಡಿಸಿದ್ದು ‘ದ ಬೀಟಲ್ಸ್ 1962’. ಹೆಸರು 1962 ಎಂದಿದ್ದರೂ ಅವರು ಅದನ್ನು ಶುರು ಮಾಡಿದ್ದು 1963ರಲ್ಲಿ, ಮುಗಿಸಿದ್ದು 1968ರಲ್ಲಿ. ಅಷ್ಟರೊಳಗೆ ಆ ನಾಲ್ವರಿಗೆ ಮೀಸೆ ಬಂದಿತ್ತು, ಬಟ್ಟೆ ಬದಲಾಗಿತ್ತು, ಹಾಡೂ ಬದಲಾಗಿತ್ತು. ಚಿತ್ರದಲ್ಲಿ ಮಾತ್ರ ಇನ್ನೂ ಆ ಎಳೆಯ ಮುಖಗಳೇ. ಪ್ರತಿ ಮುಖದ ಬಳಿ ಹಸ್ತಾಕ್ಷರಕ್ಕೆಂದು ಖಾಲಿ ಜಾಗ ಬಿಟ್ಟಿದ್ದಾರೆ. ದೂರ ಬಂದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ನಮ್ಮ ತಲೆಯೊಳಗೂ ಊರು ನಾವು ಬಿಟ್ಟು ಬಂದ ವರ್ಷದಲ್ಲೇ ನಿಂತಿದೆ. ಅಲ್ಲಿ ಫ್ಲೈಓವರ್ ಬಂದಿಲ್ಲ, ಹಳೆಯ ಟಾಕೀಸು ಮುಚ್ಚಿಲ್ಲ, ಅಪ್ಪನ ಕೂದಲು ಬೆಳ್ಳಗಾಗಿಲ್ಲ.

ಇನ್ನು ಜಗತ್ತೇ ಕಂಡ ಅವರ ಕೆಲಸದ ವಿಷಯ. 1967ರಲ್ಲಿ ಬೀಟಲ್ಸ್ ತಂದ ‘ಸಾರ್ಜೆಂಟ್ ಪೆಪರ್’ ಆಲ್ಬಮ್ಮಿನ ಹೊದಿಕೆಯನ್ನು ಬ್ಲೇಕ್ ಮತ್ತು ಅವರ ಆಗಿನ ಪತ್ನಿ, ಅಮೆರಿಕದ ಕಲಾವಿದೆ ಜಾನ್ ಹಾವರ್ತ್ ಸೇರಿ ರೂಪಿಸಿದರು. ಪ್ರಸಿದ್ಧರ ಫೋಟೊಗಳನ್ನು ಆಳೆತ್ತರಕ್ಕೆ ಹಿಗ್ಗಿಸಿ, ರಟ್ಟಿಗೆ ಅಂಟಿಸಿ, ಬಣ್ಣ ತುಂಬಿ ಸಾಲಾಗಿ ನಿಲ್ಲಿಸಿದರು. ನಮ್ಮ ಚಿತ್ರಮಂದಿರಗಳ ಮುಂದಿನ ಕಟೌಟ್‌ಗಳನ್ನು ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಆ ಗುಂಪಿನಲ್ಲಿ ಪರಮಹಂಸ ಯೋಗಾನಂದರೂ ಅವರ ಗುರು ಶ್ರೀ ಯುಕ್ತೇಶ್ವರರೂ ಇದ್ದಾರೆ. ಗಾಂಧೀಜಿಯೂ ಇದ್ದರು. ಭಾರತದಲ್ಲಿ ಜನ ಬೇಸರ ಮಾಡಿಕೊಂಡಾರು ಎಂದು ರೆಕಾರ್ಡ್ ಕಂಪನಿಯ ಮುಖ್ಯಸ್ಥರು ಅಂಜಿದ್ದರಿಂದ ಅವರನ್ನು ಅಂತಿಮ ಚಿತ್ರದಿಂದ ತೆಗೆಯಲಾಯಿತು.

ಆ ಹೊದಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಆಲ್ಬಮ್ಮಿನ ಕೋಟ್ಯಂತರ ಪ್ರತಿಗಳು ಮಾರಾಟವಾದವು. ಕಲಾವಿದರಿಗೆ ಸಿಕ್ಕಿದ್ದು ಒಂದೇ ಸಲದ 200 ಪೌಂಡ್. ಪ್ರತಿ ಮಾರಾಟದ ಮೇಲೆ ಪಾಲು ಇಲ್ಲ.

ಲೆಕ್ಕ ಬರೆಯುವುದೇ ಕಸುಬಾದ ನಮಗೆ ಈ ಸಾಲು ಓದಿ ಮುಂದೆ ಹೋಗಲಾಗುವುದಿಲ್ಲ. ಇಂದು ಇದು ಊರಿನ ಮನೆಗಳಿಗೂ ತಟ್ಟುವ ವಿಷಯ. ಫೋಟೊ ಕಳಿಸಿದರೆ ಪೆನ್ಸಿಲ್ಲಿನಲ್ಲೋ ಬಣ್ಣದಲ್ಲೋ ಭಾವಚಿತ್ರ ಬರೆದುಕೊಡುವ ಮಕ್ಕಳು ಈಗ ಬೇಕಾದಷ್ಟು ಮನೆಗಳಲ್ಲಿದ್ದಾರೆ. ಅವರಿಗೆ ಹೊರದೇಶದ ಗಿರಾಕಿಗಳೂ ಇದ್ದಾರೆ. ಅವರು ತಿಳಿದಿರಬೇಕಾದ ಒಂದು ವ್ಯತ್ಯಾಸವಿದೆ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅದರ ಹಕ್ಕು ಬರೆಸಿದವರದು. ಬರೆದವರದಲ್ಲ. ಬ್ರಿಟನ್ನಿನಲ್ಲೂ ಮೊದಲು ಇದೇ ಪದ್ಧತಿ ಇತ್ತು. 1988ರ ಕಾಯ್ದೆ ಅದನ್ನು ತಿರುಗಿಸಿತು. 1989ರ ಆಗಸ್ಟಿನಿಂದ ಇಲ್ಲಿ, ಸಂಬಳದ ನೌಕರನಾಗಿ ಬರೆಯದಿದ್ದರೆ, ಹಕ್ಕು ಕಲಾವಿದನದೇ. ಚಿತ್ರ ಗಿರಾಕಿಯ ಗೋಡೆಯಲ್ಲಿ ತೂಗಬಹುದು, ಆದರೆ ಅದನ್ನು ಟೀಶರ್ಟಿಗೋ ಕ್ಯಾಲೆಂಡರಿಗೋ ಹಾಕಬೇಕಾದರೆ ಕಲಾವಿದನ ಅನುಮತಿ ಬೇಕು.

ಊರಿನಲ್ಲಿ ಕುಳಿತು ಬರೆಯುವ ಮಗಳಿಗೆ ನಾವು ಹೇಳುವುದಿಷ್ಟೆ: ಮುಂಗಡ ತೆಗೆದುಕೊಳ್ಳುವ ಮೊದಲೇ ನಾಲ್ಕು ಸಾಲು ಬರೆದು ಇಬ್ಬರೂ ಒಪ್ಪಿಕೊಳ್ಳಿ. ಚಿತ್ರ ಯಾರದು, ಅಚ್ಚು ಹಾಕುವ ಹಕ್ಕು ಯಾರದು, ಹೆಸರು ಹಾಕಬೇಕೇ, ಮುಂದೆ ಮಾರಾಟವಾದರೆ ಪಾಲೆಷ್ಟು. ಇದಕ್ಕೆ ಖರ್ಚಿಲ್ಲ. ಹಣ ಕೇಳಲು ಸಂಕೋಚಪಡುವವರು ಬರೆದು ಕೇಳುವುದೇ ಸುಲಭ.

ಇಲ್ಲಿಗೆ ಓದಲು ಬಂದ ಮಕ್ಕಳ ಪೋಷಕರಿಗೆ ಇನ್ನೊಂದು ಮಾತು. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯವಹಾರ ನಡೆಸುವಂತಿಲ್ಲ. ಬಿಡುವಿನಲ್ಲಿ ಚಿತ್ರ ಬರೆದು ಮಾರುತ್ತೇನೆ ಎಂದು ಮಗ ಹೇಳಿದರೆ ಮೆಚ್ಚಿ, ಆದರೆ ಮಾರುವ ಮುನ್ನ ಕಾಲೇಜಿನ ವೀಸಾ ಸಲಹೆಗಾರರನ್ನು ಕೇಳಲು ಹೇಳಿ. ಇಲ್ಲಿ ಕಾಯಂ ನೆಲೆಸಿದವರಿಗೆ ಆ ಅಡ್ಡಿಯಿಲ್ಲ. ವರ್ಷಕ್ಕೆ 1,000 ಪೌಂಡಿನವರೆಗಿನ ಇಂಥ ಸಣ್ಣ ವಹಿವಾಟಿಗೆ ತೆರಿಗೆ ವಿನಾಯಿತಿಯೂ ಉಂಟು. ಅದು ಲಾಭದ ಲೆಕ್ಕವಲ್ಲ, ಒಟ್ಟು ಬಂದ ಹಣದ ಲೆಕ್ಕ ಎಂಬುದು ನೆನಪಿರಲಿ.

ಬ್ಲೇಕ್ ಅವರಿಗೆ 2002ರಲ್ಲಿ ಸರ್ ಪದವಿ ಬಂತು. ಇನ್ನೂರು ಪೌಂಡಿನ ಬಳಿಕವೂ ಅವರು ಹಾಡುಗಾರರನ್ನು ಬರೆಯುವುದು ಬಿಡಲಿಲ್ಲ. ಅಭಿಮಾನ ಹಣ ನೋಡಿ ಹುಟ್ಟುವುದಲ್ಲ ನಿಜ. ಆದರೆ ಅಭಿಮಾನದಿಂದ ಮಾಡಿದ ಕೆಲಸಕ್ಕೂ ಬೆಲೆ ಇದೆ ಎಂದು ಮನೆಯವರೇ ಮಕ್ಕಳಿಗೆ ಹೇಳಿಕೊಡಬೇಕು.

ಬ್ಯಾಡ್ಜುಗಳ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಗ್ರಾಮಫೋನ್ ತಟ್ಟೆಯ ಚಿತ್ರ ಮ್ಯಾಂಚೆಸ್ಟರಿನ ವಿಟ್‌ವರ್ತ್‌ನಲ್ಲಿ, ಬೀಟಲ್ಸ್ ಚಿತ್ರ ಚಿಚೆಸ್ಟರಿನ ಪ್ಯಾಲಂಟ್ ಹೌಸ್ ಗ್ಯಾಲರಿಯಲ್ಲಿ. ಸಂಗ್ರಹದಲ್ಲಿದ್ದ ಮಾತ್ರಕ್ಕೆ ಎಲ್ಲ ಚಿತ್ರಗಳೂ ಸದಾ ಗೋಡೆಯ ಮೇಲಿರುವುದಿಲ್ಲ. ಹೊರಡುವ ಮುನ್ನ ಒಂದು ಫೋನ್ ಮಾಡಿ ವಿಚಾರಿಸಿ. ಟೇಟ್ ಮತ್ತು ವಿಟ್‌ವರ್ತ್‌ನ ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಬುತ್ತಿ ಕಟ್ಟಿಕೊಂಡು ಹೋದರೆ ದಿನ ಚೆನ್ನಾಗಿ ಕಳೆಯುತ್ತದೆ.